ಅಮ್ಮ ಕಾಶಿಯಲ್ಲಿ ಬಿಟ್ಟದ್ದು

ನವೆಂಬರ್ 9, ಬೆಳಿಗ್ಗೆ

ಸ್ಕೂಲ್ ವ್ಯಾನ್ ಹೋಯಿತು. ಇನ್ನು ಬ್ಯಾಂಕಿಗೆ ಓಡಬೇಕು. ನಿನ್ನೆ ಗಂಗೊಳ್ಳಿಯಿಂದ ಬಂದ ಅಮ್ಮ ಆಗಲೇ ಅಡುಗೆಮನೆ ವಶಪಡಿಸಿಕೊಂಡಿದ್ದಾಳೆ.

ಮಗಳು ಚೈತನ್ಯಾ ಕಾಶಿಯಲ್ಲೇ ಬೆಳೆದವಳು. ಅಜ್ಜಿಯ ಕನ್ನಡ ಅರ್ಧ ಅರ್ಥವಾಗುತ್ತದೆ, ಉತ್ತರವೆಲ್ಲ ಹಿಂದಿ. ಕಂಡ ಕೂಡಲೇ ಕಡಲು ಯಾವಾಗ ತೋರಿಸುತ್ತೀ ಎಂದು ಅಜ್ಜಿಯನ್ನು ಕೇಳಿದಳು: "ನಾನೀ, ಸಮುಂದರ್ ಕಬ್ ದಿಖಾಓಗೀ?"

ಅಮ್ಮನ ಮುಖ ಗಂಟಾಯಿತು. ಅಪ್ಪನ ದೋಣಿ ತಿರುಗಿ ಬಾರದ ಆ ಮಳೆಗಾಲದಿಂದ ಕಡಲಿನ ಜೊತೆ ಮಾತು ಬಿಟ್ಟಿದ್ದಾಳೆ. ಊರಿನ ಮನೆಯಲ್ಲಿ ಆ ಬದಿಯ ಕಿಟಕಿಯನ್ನೂ ತೆರೆಯುವುದಿಲ್ಲ. ರಜೆಗೆ ಹೋದರೆ ಮಗುವನ್ನು ದಡಕ್ಕೆ ಬಿಡುವುದಿಲ್ಲ.

ನವೆಂಬರ್ 10

ಸಂಜೆ ಗಂಗೆಯ ಮೇಲೆ ದೋಣಿಯಲ್ಲಿ. ಅಮ್ಮ ಹತ್ತುವುದಿಲ್ಲ ಅಂದುಕೊಂಡಿದ್ದೆ. ನಾವಿಕ ನೀಡಿದ ಕೈಯನ್ನೂ ಹಿಡಿಯದೆ ಹತ್ತಿದಳು! ದಶಾಶ್ವಮೇಧದ ಆರತಿ... ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಅಮ್ಮ ನೀರನ್ನೇ ನೋಡುತ್ತಿದ್ದಳು.

"ಕಾಣ್ ಮಗಾ, ಇಷ್ಟ್ ದೊಡ್ಡ ನೀರ್... ಅಬ್ಬರವೇ ಇಲ್ಲೆ."

ಆಮೇಲೆ ತಾನಾಗಿಯೇ ಮೊಮ್ಮಗಳಿಗೆ ಶುರು — ಮರವಂತೆಯಲ್ಲಿ ರಸ್ತೆಯ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ದಡದಲ್ಲಿ ನಿಂತೇ ಎಳೆಯುವ ಕೈರಂಪಣಿ ಬಲೆಗೆ ಊರಿಗೆ ಊರೇ ಹಗ್ಗ ಹಿಡಿಯುವುದು. ಉರೂಸಿಗೂ ಕ್ರೈಸ್ತರ ಇಗರ್ಜಿ ಹಬ್ಬಕ್ಕೂ ನಮ್ಮವರು ಹೋಗುವುದು.

ನವೆಂಬರ್ 12

ಕಾಶಿಗೆ ಬಂದವರು ಇಷ್ಟದ ತಿನಿಸೊಂದನ್ನು ಬಿಟ್ಟು ಹೋಗಬೇಕಲ್ಲ. ನಾಳೆ ಅಮ್ಮನ ಸರದಿ. ಬಂಗುಡೆ ಮೀನನ್ನೇ ಬಿಡುತ್ತಾಳೆ, ಗ್ಯಾರಂಟಿ. ಗಂಜಿ, ಮೀನುಸಾರು ಬಿಟ್ಟರೆ ಬೇರೇನೂ ಸೇರದು. ಅದೂ ಹೋದರೆ ಏನು ತಿಂದು ಬದುಕುತ್ತಾಳೆ? ಹೆದರಿಕೆ ನನಗೆ. ಜಗಳವಾಡಿದೆ.

"ಬಾಯ್ ಮುಚ್ಚ್. ಎಂತ ಬಿಡ್ಕ್ ಅಂದೇಳಿ ನಂಗ್ ಗೊತ್ತಿತ್ತ್." ಏನು ಬಿಡಬೇಕೆಂದು ಅವಳಿಗೆ ಗೊತ್ತಂತೆ.

ನವೆಂಬರ್ 13

ಸೊಂಟದ ಮಟ್ಟದ ನೀರಲ್ಲಿ ಅಮ್ಮ. ಪುರೋಹಿತ ಪಂಡಾಜಿ ಮೆಟ್ಟಿಲಿಂದ ಕೇಳಿದರು: "ಮಾತಾಜೀ, ಕೌನ್ ಸಾ ಫಲ್ ಛೋಡ್ ರಹೀ ಹೈಂ?" ಯಾವ ಹಣ್ಣು ಬಿಡುತ್ತೀ ಅಂತೆ ಎಂದು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಹಣ್ಣಲ್ಲ. ಕಡ್ಲಿನ್ ಮೇಲಿನ್ ಸಿಟ್ಟ್ ಬಿಟ್ಟೆ ಅಂದೇಳ್."

ಹಿಂದಿಯಲ್ಲಿ ಹೇಳಿದೆ. ಪಂಡಾಜಿ ತಬ್ಬಿಬ್ಬು. "ಗುಸ್ಸಾ? ಅರೇ, ಕೋಈ ಸಬ್ಜೀ ಹೀ ಬೋಲ್ ದೀಜಿಏ!" ಸಿಟ್ಟೇ, ಯಾವುದಾದರೂ ತರಕಾರಿಯನ್ನಾದರೂ ಹೇಳಿ ಅಂತ ಅವರು. ಅಮ್ಮ ಜಗ್ಗಲಿಲ್ಲ. ಮೂಗು ಹಿಡಿದು ಮುಳುಗಿದಳು. ಎದ್ದಳು. ಘಾಟು, ಗಂಟೆ, ಜನ ಯಾವುದೂ ನನಗೆ ಕಾಣಿಸಲಿಲ್ಲ. ಎಷ್ಟು ದೊಡ್ಡ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ್ದೇನೆ!

ಡಿಸೆಂಬರ್ 2, ಸಂಜೆ

ಅಮ್ಮ ಊರು ಸೇರಿ ಎರಡು ವಾರವಾಯಿತು. ಸಿಟ್ಟು ಬಿಟ್ಟಳೋ, ಬರೀ ಬಾಯಿಮಾತೋ? ಕೇಳಲು ಧೈರ್ಯವಿಲ್ಲ.

ಈಗಷ್ಟೇ ವೀಡಿಯೊ ಕಾಲ್ — ಸ್ಕ್ರೀನ್ ತುಂಬ ಕಡಲು! ನೊರೆ, ಸದ್ದು, ಕೆಂಪು ಸೂರ್ಯ. ಚೈತನ್ಯಾ ಬಾಯಿ ತೆರೆದು ನಿಂತುಬಿಟ್ಟಿದ್ದಾಳೆ. ಅಮ್ಮ ಕಾಣುತ್ತಿಲ್ಲ, ಉಸಿರು ಮಾತ್ರ ಕೇಳುತ್ತಿದೆ.

"ನಾನೀ, ರೋ ರಹೀ ಹೋ?" ಅಳುತ್ತಿದ್ದೀಯಾ ಅಂತ ಮಗಳು.

"ಇಲ್ಲೆ ಮಗಾ... ಕಾಣ್."

ಫೋನ್ ಕೆಳಗೆ ತಿರುಗಿತು. ಅಮ್ಮನ ಬರಿಗಾಲು, ಒದ್ದೆ ಮರಳು. ಅಲೆ ಬಂದು ಪಾದ ತೊಳೆಯಿತು, ಅಮ್ಮ ಹಿಂದೆ ಸರಿಯಲಿಲ್ಲ.