ಮಗುಚಿಟ್ಟ ಹಲಗೆ

ಇಸವಿ ೨೨೩೭, ಬೇಸಿಗೆಯ ಇನ್ನೂರ ಹನ್ನೊಂದನೇ ದಿನ
ನೆರಳುಬಂಡಿಯ ಒಳಗಿನಿಂದ, ಹಾಸನದ ದಾರಿ

ನನ್ನ ನಂತರ ಹುಟ್ಟುವವರಿಗೆ,

ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನನ್ನ ಅಜ್ಜಿಯ ಪತ್ರಗಳೇ ನನಗೆ ಅರ್ಧಂಬರ್ಧ ಅರ್ಥವಾಗುತ್ತಿದ್ದವು. ನಾನು ನೀಲಗಂಗಾ, ಲಿಪಿಗಾರ್ತಿ. ಊರೂರು ತಿರುಗಿ, ಜನ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ತಲುಪಬೇಕಾದವರಿಗೆ ತಲುಪಿಸುವುದು ನನ್ನ ಕೆಲಸ. ಮಾತು ಕೇಳಿ ತಾವೇ ಬರೆಯುವ ಯಂತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅವು ಎಲ್ಲರ ಮಾತಿಗೂ ಇಸ್ತ್ರಿ ಹಾಕಿಬಿಡುತ್ತವೆ; ಅಳು, ಬೈಗುಳ, ತೊದಲು ಒಂದೂ ಉಳಿಯುವುದಿಲ್ಲ. ಅದಕ್ಕೇ ಕೊನೆಗಾಲದ ಮಾತಿಗೆ ಜನ ನಮ್ಮನ್ನು ಕರೆಯುತ್ತಾರೆ.

ನನ್ನ ಸಾಮಾನು ಎರಡೇ. ಒಂದು ಹಲಗೆ, ಹಿಂದಿನವರು ಟ್ಯಾಬ್ಲೆಟ್ ಎನ್ನುತ್ತಿದ್ದುದು. ಇನ್ನೊಂದು ಮಡಚುವ ಕೀಲಿಮಣೆ. ತಂತಿಯಿಲ್ಲ, ತೊಡೆಯ ಮೇಲೆ ಬಿಚ್ಚಿಕೊಂಡರೆ ಆಯಿತು. ನೆರಳುಬಂಡಿ ಎಂದರೆ ಬೆನ್ನ ಮೇಲೆ ಬಿಸಿಲುಫಲಕ ಹೊತ್ತು ಆಮೆಯ ಹಾಗೆ ತೆವಳುವ ವಾಹನ. ಬಳ್ಳಾರಿಯಿಂದ ಹಾಸನಕ್ಕೆ ಮೂರು ದಿನ. ಅದರ ಕುಲುಕಾಟದಲ್ಲಿ ಮೂವತ್ತೊಂದು ವರ್ಷ ಬರೆದು ಬೆರಳ ಗಿಣ್ಣುಗಳು ಸವೆದಿವೆ. ಸಾಕಾಗಿದೆ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಬರೆಯುವಾಗ ಹಲಗೆಯನ್ನು ಮಗುಚಿಡಬೇಕು, ಹೇಳುವವರ ಮುಖ ನೋಡಬೇಕು. ಹೊಳೆಯುವ ಗಾಜು ಎದುರಿಗಿದ್ದರೆ ಮನುಷ್ಯ ನಿಜ ಹೇಳಲು ಅಂಜುತ್ತಾನೆ. ಆ ಕಟ್ಟಳೆಯೇ ನನಗೆ ಮುಳುವಾಯಿತು.

ಹೋದ ವರ್ಷ ಇದೇ ಬಂಡಿಯಲ್ಲಿ ಹಂಪಣ್ಣ ಎಂಬ ಹಿರಿಯರು ಸಿಕ್ಕಿದರು. ಹಾಸನದಲ್ಲಿರುವ ಮಗಳು ಹುಲಿಗೆಮ್ಮನನ್ನು ನೋಡಲು ಹೊರಟಿದ್ದರು; ಜೀವ ಅಲ್ಲಿಯವರೆಗೆ ಹಿಡಿಯುತ್ತದೆಂಬ ನಂಬಿಕೆ ಅವರಿಗಿರಲಿಲ್ಲ. ಅವಳು ಹದಿನಾರರವಳಿದ್ದಾಗ ಓಣಿಯ ತೊಟ್ಟಿಯ ನಳ ಯಾರೋ ತೆರೆದಿಟ್ಟು, ವರ್ಷದ ನೀರೆಲ್ಲ ಹರಿದುಹೋಗಿತ್ತಂತೆ. ಓಣಿಯವರು ಅದನ್ನು ಅವಳ ತಲೆಗೆ ಕಟ್ಟಿ ಊರು ಬಿಡಿಸಿದರು. ನಳ ತೆರೆದಿಟ್ಟವರು ಹಂಪಣ್ಣನವರೇ. ಮೂವತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ. ಅಂದು ಎರಡು ತಾಸು ಹೇಳಿದರು, ನಾನು ಮುಖ ನೋಡುತ್ತ ಬರೆದೆ. ಮುಗಿಸಿ, ಹಗುರಾಗಿ, ಸೀಟಿಗೆ ಒರಗಿ ನಿದ್ದೆಹೋದರು. ಮತ್ತೆ ಏಳಲಿಲ್ಲ.

ಹಲಗೆ ತಿರುಗಿಸಿದರೆ ಒಂದಕ್ಷರವೂ ಇಲ್ಲ. ಬೆಳಿಗ್ಗೆ ಪಕ್ಕದ ಪ್ರಯಾಣಿಕನೊಬ್ಬ ಕೇಳಿಕೊಂಡನೆಂದು ಅವನ ಹಲಗೆಗೆ ನನ್ನ ಮಣೆ ಜೋಡಿಸಿ ನಾಲ್ಕು ಸಾಲು ಬರೆದುಕೊಟ್ಟಿದ್ದೆ. ಆ ಜೋಡಣೆ ಬಿಡಿಸಲು ಮರೆತಿದ್ದೆ. ಹಂಪಣ್ಣನವರ ಮಾತೆಲ್ಲ ಅವನ ಚೀಲದೊಳಗಿನ ಹಲಗೆ ಸೇರಿತ್ತು, ಮಾತು ಮುಗಿಯುವ ಹೊತ್ತಿಗೆ ಬಂದ ಚಳ್ಳಕೆರೆಯಲ್ಲಿ ಅವನು ಇಳಿದುಹೋಗಿದ್ದ. ನಾನು ಅವನ ಹೆಸರನ್ನೂ ಕೇಳಿರಲಿಲ್ಲ.

ಹುಲಿಗೆಮ್ಮನಿಗೆ ಬಾಯಿಮಾತಲ್ಲಿ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ನನಗೆ ನೀರು ಕೊಟ್ಟು, ಇಷ್ಟೇ ಅಂದಳು: "ನಮ್ಮಪ್ಪ ತಪ್ಪು ಒಪ್ಪೋ ಮನಿಷ್ಯಾ ಅಲ್ರೀ ಅಕ್ಕಾರ. ನೀವು ನನ್ನ ಸಮಾಧಾನಕ್ಕ ಹೇಳಾಕತ್ತೀರಿ."

ಚಳ್ಳಕೆರೆಯಲ್ಲಿ ಮನೆಮನೆ ಕೇಳಿ ಸೋತಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ, ಈ ಪತ್ರವನ್ನು ಮಾತ್ರ ಹಲಗೆ ನೋಡುತ್ತ ಬರೆಯುತ್ತಿದ್ದೇನೆ.

ನಮ್ಮ ಹಲಗೆಗಳು ಬೇಗ ಸಾಯುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಕೈಬದಲಾಗುತ್ತ ಬರುತ್ತವೆ. ನಿಮ್ಮ ಮನೆಯ ಹಳೆಯದೊಂದರಲ್ಲಿ ನಿಮ್ಮವರಾರೂ ಬರೆಯದ ಬರಹ ಕಂಡರೆ ದಯವಿಟ್ಟು ಅಳಿಸಬೇಡಿ. ಹಾಸನಕ್ಕೆ ಒಯ್ದು ಹುಲಿಗೆಮ್ಮನಿಗೆ ಕೊಡಿ, ಅವಳಿಲ್ಲದಿದ್ದರೆ ಅವಳ ಮಕ್ಕಳಿಗೆ. ಗುರುತಿಗೆ ಅದರ ಮೊದಲ ಸಾಲು ಹೇಳುತ್ತೇನೆ. ಮೂವತ್ತು ವರ್ಷದ ತಪ್ಪನ್ನು ಒಪ್ಪಿಕೊಳ್ಳಲು ಕುಳಿತ ಆ ಮುದುಕರು ಶುರುಮಾಡಿದ್ದು ಹೀಗೆ: "ಹುಲಿಗೆಮ್ಮಾ, ಉಂಡಿಯೇನವ್ವಾ?"