ಊರ ಕಡೆಯ ಬಾಗಿಲು

ಜಯನಗರ, ಬೆಂಗಳೂರು-11
20 ನವೆಂಬರ್ 1963

ಪ್ರೀತಿಯ ಚಕ್ರಿ,

ಅಕ್ಕನ ಆಶೀರ್ವಾದಗಳು. ಚಂಡೀಗಢದಲ್ಲಿ ಆಗಲೇ ಚಳಿ ಬಿದ್ದಿದೆಯಂತೆ, ನಿನ್ನ ಉಬ್ಬಸ ಹೇಗಿದೆ? ಎರಡು ದಿಂಬಿಟ್ಟುಕೊಂಡು ಕೂತೇ ನಿದ್ದೆ ಮಾಡುತ್ತೀಯ ಅಂತ ಅಮ್ಮಣ್ಣಿ ಬರೆದಿದ್ದಳು. ಆಫೀಸಿಗೆ ಮಫ್ಲರ್ ಇಲ್ಲದೆ ಹೋಗಬೇಡ, ಚೆನ್ನಾಗಿ ಕಾಣಿಸುವುದಕ್ಕೆ ನಿನಗೇನು ಈಗ ಹೆಣ್ಣು ನೋಡಬೇಕೆ? ಸೀನುವಿಗೆ ಮುಂದಿನ ಹಲ್ಲು ಬಿದ್ದದ್ದು ಕೇಳಿ ಅಮ್ಮ ನಕ್ಕಿದ್ದೇ ನಕ್ಕಿದ್ದು, ನೀನು ಆ ವಯಸ್ಸಿನಲ್ಲಿ ಬಿದ್ದ ಹಲ್ಲನ್ನು ಕಾಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆಯಂತೆ. ಅಮ್ಮನಿಗೆ ಮಂಡಿ ನೋವು ಬಿಟ್ಟರೆ ಬೇರೇನೂ ಇಲ್ಲ. ನಿನ್ನ ಕಾಗದ ಬಂದರೆ ನನ್ನಿಂದ ಓದಿಸಿಕೊಂಡು, ಕೊನೆಯಲ್ಲಿ “ಇಷ್ಟೇನಾ?” ಅನ್ನುತ್ತಾಳೆ. ಸ್ವಲ್ಪ ಉದ್ದವಾಗಿ ಬರೆಯಬಾರದೆ?

ಈ ಕಾಗದ ಕನ್ನಡದಲ್ಲಿರುವುದು ನೋಡಿ ನಿನಗೆ ಆಶ್ಚರ್ಯವಾಗಬಹುದು. ಕಟ್ಟಡದ ವಿಷಯವೆಂದರೆ ನಾವಿಬ್ಬರೂ ಇಂಗ್ಲಿಷಿನಲ್ಲೇ ಬರೆದುಕೊಂಡವರು. ನಿನ್ನೆಯೂ ಹಾಗೇ ಶುರುಮಾಡಿದೆ. ಎರಡು ಪುಟವಾದ ಮೇಲೆ ಓದಿ ನೋಡಿದರೆ ಸಭೆಯ ವರದಿಯ ಹಾಗಿತ್ತು. ತಪ್ಪು ನಡೆದಿತ್ತು, ಆದರೆ ಅದನ್ನು ಮಾಡಿದವರು ಯಾರೂ ಇರಲಿಲ್ಲ. ಹರಿದು ಹಾಕಿದೆ. ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷನ್ನು ಅಷ್ಟು ಚೆನ್ನಾಗಿ ಕಲಿಸಿದ್ದರು.

ವಿಷಯ ಇದು. ನಮ್ಮ ಬಡಾವಣೆಯ ಸಮಾಜದ ಅಧ್ಯಕ್ಷರಾದ ಜಯಸಿಂಹ ಅವರಿಂದ ನಿನಗೆ ಈ ವಾರ ಒಂದು ಕಾಗದ ಬರುತ್ತದೆ. ಸಭಾಭವನದಲ್ಲಿ ಹಳೇ ಊರ ಕಡೆಗಿರುವ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿ, ಆ ಭಾಗವನ್ನು ಅಡುಗೆ ಪಾತ್ರೆ ಇಡುವ ಕೋಣೆ ಮಾಡಬೇಕೆಂದು ಡಿಸೆಂಬರ್ ಎಂಟನೆಯ ತಾರೀಖು ಭಾನುವಾರ ನಿರ್ಣಯ ಮಾಡುತ್ತಾರೆ. ನಕ್ಷೆ ನಿನ್ನದಾದ್ದರಿಂದ ನಿನ್ನ ಒಪ್ಪಿಗೆ ಕೇಳುತ್ತಾರೆ. ಕಟ್ಟಿ ಒಂದೂವರೆ ವರ್ಷವಾದರೂ ಹಳೇ ಊರಿನವರು ಆ ಬಾಗಿಲಲ್ಲಿ ಒಮ್ಮೆಯೂ ಒಳಗೆ ಬಂದಿಲ್ಲ, ಅವರಿಗೆ ಇಂಥದ್ದರಲ್ಲಿ ಆಸಕ್ತಿಯಿಲ್ಲ ಅಂತ ಕಾರಣ ಕೊಡುತ್ತಾರೆ. ಅವರು ಬಂದಿಲ್ಲ ಅನ್ನುವುದು ನಿಜ. ಕಾರಣ ಅದಲ್ಲ. ಕಾರಣ ನನಗೆ ಮೊದಲಿನಿಂದಲೂ ಗೊತ್ತಿತ್ತು. ನೀನು ಉತ್ತರ ಬರೆಯುವ ಮುಂಚೆ ನಿನಗೂ ಗೊತ್ತಾಗಬೇಕು.

1959ರಲ್ಲಿ ನೀನು ಬರೆದಿದ್ದ ಕಾಗದ ನನ್ನ ಹತ್ತಿರ ಇನ್ನೂ ಇದೆ. ಬಸವನಗುಡಿಗೆ ಒಂದು ಮುಖವಿದೆ ಅಕ್ಕ, ಕಣ್ಣು ಕಟ್ಟಿ ತಂದು ಅಲ್ಲಿ ಬಿಚ್ಚಿದರೂ ಎಲ್ಲಿದ್ದೇನೆಂದು ಹೇಳಬಲ್ಲೆ, ನಿಮ್ಮ ಜಯನಗರಕ್ಕೆ ಬರೀ ನಂಬರುಗಳಿವೆ ಅಂತ ಬರೆದಿದ್ದೆ. ನಗರ ಬೆಳೆಯುವಾಗ ಮನೆಗಳು ತಾವಾಗಿ ಹುಟ್ಟಿಕೊಳ್ಳುತ್ತವೆ, ಆದರೆ ಎಲ್ಲರೂ ಇದು ನಮ್ಮದು ಅನ್ನುವ ಕಟ್ಟಡವನ್ನು ಯಾರಾದರೂ ಯೋಚಿಸಿಯೇ ಕಟ್ಟಬೇಕು ಅಂದೆ. ಅದಕ್ಕೇ ಹೊಸ ಬಡಾವಣೆ ಮುಗಿದು ಹಳೇ ಊರು ಶುರುವಾಗುವ ಆ ಮೂಲೆ ಜಾಗವೇ ಬೇಕು ಅಂತ ಹಟ ಹಿಡಿದೆ. ಎರಡು ಬಾಗಿಲು, ಒಂದು ನಮ್ಮ ಕಡೆಗೆ, ಒಂದು ಅವರ ಕಡೆಗೆ, ಎರಡೂ ಒಂದೇ ಅಳತೆ, ಯಾವುದೂ ಹಿತ್ತಲ ಬಾಗಿಲಲ್ಲ. ಗೋಡೆಗೆ ಇಲ್ಲಿಯದೇ ಸೈಜುಗಲ್ಲು. ಸುತ್ತಲೂ ಜಗಲಿ. ಮತ್ತು ಗೆರೆ ಎಳೆಯುವ ಮುಂಚೆ ನನಗೆ ಒಂದು ಕೆಲಸ ಹೇಳಿದೆ. ಆ ಜಾಗವನ್ನು ಊರಿನವರು ಇಷ್ಟು ವರ್ಷ ಯಾವುದಕ್ಕೆ ಬಳಸುತ್ತಿದ್ದರು, ಕೇಳಿ ತಿಳಿದು ಬರೆ ಅಂತ.

ನಾನು ಕೇಳಿದೆ, ಚಕ್ರಿ. ಕೇಳಿದ್ದು ಮುನಿಲಕ್ಷ್ಮಮ್ಮನನ್ನು. ನಿನಗೆ ನೆನಪಿರಬೇಕು, ನಮಗೆ ಸೊಪ್ಪು, ಅವರೆಕಾಯಿ ತಂದುಕೊಡುತ್ತಿದ್ದಳಲ್ಲ, ನೀನು ಬಂದಾಗ “ಇವ್ರು ಇಂಗ್ಲೀಷಮ್ಮನ ತಮ್ಮಾನಾ? ಇವ್ರೂ ಹಂಗೇ ಮೂಗಲ್ಲಿ ಮಾತಾಡ್ತಾರಾ?” ಅಂದವಳು. ನಮ್ಮ ಬ್ಲಾಕು ಅವರ ಹೊಲದ ಮೇಲೆ ಎದ್ದದ್ದು. “ನಿಮ್ಮ ಒಲೆ ಇರೋ ಜಾಗ್ದಾಗೆ ನಮ್ಮ ಹುರುಳಿ ಬೋ ಚೆಂದ ಬರ್ತಿತ್ತು, ಅದ್ಕೇ ನಿಮ್ಮನೆ ಸಾರು ವೈನಾಗಿರೋದು” ಅನ್ನುತ್ತಿದ್ದಳು. ಅದರಲ್ಲಿ ಕಹಿ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ, ತಿಳಿದುಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ.

ಆ ದಿನ ಟೇಪು, ನೋಟ್‌ಬುಕ್ಕು ಹಿಡಿದು ಜಾಗ ಅಳೆಯಲು ಹೋಗಿದ್ದೆ. ಬಿಸಿಲಿಗೆ ಸುಸ್ತಾಗಿ ಅಲ್ಲಿದ್ದ ಚಪ್ಪಡಿ ಕಲ್ಲಿನ ಮೇಲೆ ಕೂತೆ. ಮುನಿಲಕ್ಷ್ಮಮ್ಮ ದೂರದಿಂದಲೇ ಕೂಗಿಕೊಂಡು ಓಡಿ ಬಂದಳು. “ಏಳ್ರಮ್ಮೋ, ಏಳ್ರಿ! ಅದು ಹೆಣ ಇಳಿಸೋ ಕಲ್ಲು. ನಿಮ್ಗಿನ್ನೂ ಟೈಮೈತೆ!” ಆಮೇಲೆ ತಾನೇ ಬಾಯಿಗೆ ಸೆರಗು ಹಿಡಿದು ನಕ್ಕಳು. ಊರಲ್ಲಿ ಯಾರು ಸತ್ತರೂ ಸ್ಮಶಾನಕ್ಕೆ ಒಯ್ಯುವಾಗ ಅರ್ಧ ದಾರಿಗೆ ಆ ಕಲ್ಲು. ಅದರ ಮೇಲೆ ಚಟ್ಟ ಇಳಿಸಿ, ತಲೆ ಕಾಲಿನ ದಿಕ್ಕು ತಿರುಗಿಸಿ, ಹೆಗಲು ಬದಲಿಸಿ ಹೊರಡಬೇಕು. ಯಾಕೆ ಅಂತ ಕೇಳಿದೆ. “ಸತ್ತೋರ್ಗೆ ಮನೆ ದಾರಿ ಮರೀಬೇಕಲ್ಲಮ್ಮ. ಇಲ್ದಿದ್ರೆ ಊಟದ ಹೊತ್ಗೆ ಬಂದು ಬಾಗ್ಲಾಗೆ ನಿಂತ್ಕಂಬುಡ್ತಾರೆ. ಬಾ ಅನ್ನಂಗಿಲ್ಲ, ಹೋಗು ಅನ್ನಂಗಿಲ್ಲ.”

ನಾನು ಮನೆಗೆ ಬಂದು ನಿನಗೆ ಏನು ಬರೆದೆ? ಜಾಗದಲ್ಲಿ ವಿಶೇಷವೇನೂ ಇಲ್ಲ, ಒಂದು ಹಳೆಯ ಚಪ್ಪಡಿ ಇದೆ, ಏಳಡಿ ಉದ್ದ, ನಡುವೆ ಸವೆದು ನುಣುಪಾಗಿದೆ, ನೋಡಲು ಚೆನ್ನಾಗಿದೆ. ಯಾಕೆ ಹಾಗೆ ಬರೆದೆ ಅಂತ ಈ ತಿಂಗಳು ಪೂರ್ತಿ ನನ್ನನ್ನೇ ಕೇಳಿಕೊಂಡಿದ್ದೇನೆ. ಸತ್ಯ ಹೇಳಿದರೆ ಸಮಿತಿಯವರು ಮದುವೆ ಮುಂಜಿ ನಡೆಯುವ ಭವನಕ್ಕೆ ಆ ಜಾಗ ಬೇಡ ಅನ್ನುತ್ತಾರೆಂಬ ಭಯ ಇತ್ತು. ಅದು ಮೂಢನಂಬಿಕೆ, ಹತ್ತು ವರ್ಷದಲ್ಲಿ ಅವರೇ ಮರೆಯುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡದ್ದೂ ಉಂಟು. ಆದರೆ ಇನ್ನೂ ಕೆಳಗೆ ಹೋಗಿ ನೋಡಿದರೆ, ನಿನ್ನ ಮೊದಲ ಸ್ವಂತ ಕಟ್ಟಡ ನನ್ನ ಮನೆಯ ಹತ್ತಿರ ಏಳಬೇಕೆಂಬ ಆಸೆ. ನಿನ್ನ ಭಾವ ಹೋದ ಮೇಲೆ ನನ್ನದು ಅಂತ ತೋರಿಸಿಕೊಳ್ಳಲು ಬೇರೇನೂ ಇರಲಿಲ್ಲ. ಇದನ್ನು ಕ್ಷಮೆಗಾಗಿ ಹೇಳುತ್ತಿಲ್ಲ.

ಸವೆದ ಕಲ್ಲು ಅಂದ ಕೂಡಲೇ ನೀನು ಹಿಗ್ಗಿಬಿಟ್ಟೆ. ಅದನ್ನು ಬಿಡಬೇಡ ಅಕ್ಕ, ತಲೆಮಾರುಗಳಿಂದ ಊರಿನವರ ಕಾಲು ಸವೆಸಿದ ಕಲ್ಲು, ಅವರ ಬಾಗಿಲಿಗೆ ಅದೇ ಮೆಟ್ಟಿಲಾಗಲಿ, ಅದರ ಮೇಲೆ ಕಾಲಿಟ್ಟ ಕೂಡಲೇ ಇದು ನಮ್ಮದು ಅನ್ನಿಸುತ್ತದೆ ಅಂತ ಬರೆದೆ. ಅದನ್ನು ಸವೆಸಿದ್ದು ಕಾಲಲ್ಲ ಅಂತ ನಾನು ಆಗಲೂ ಬರೆಯಲಿಲ್ಲ. ಕಲ್ಲುಕುಟಿಗರು ಅದನ್ನು ಎಬ್ಬಿಸಿ ತಂದು ಕೂರಿಸುವಾಗ ಊರಿನವರು ನಾಲ್ಕಾರು ಜನ ದೂರ ನಿಂತು ನೋಡುತ್ತಿದ್ದರು.

ಯುಗಾದಿಯ ಪ್ರಾರಂಭೋತ್ಸವಕ್ಕೆ ನಾನು ಮನೆಮನೆಗೆ ಹೋಗಿ ಕರೆದೆ. ಬಂದವಳು ಮುನಿಲಕ್ಷ್ಮಮ್ಮ ಒಬ್ಬಳೇ. ಸುತ್ತು ಬಳಸಿ ನಮ್ಮ ಕಡೆಯ ಬಾಗಿಲಿಗೆ ಬಂದು, ಒಳಗೆ ಬಾರದೆ ಜಗಲಿಯ ತುದಿಯಲ್ಲಿ ಕೂತು ಪಾನಕ ಕುಡಿದಳು. ಗೋಡೆಯನ್ನು ಅಂಗೈಯಿಂದ ಸವರಿದಳು. “ಚೆಂದಾಗೈತೆ ಕಣಮ್ಮ. ನಿಮ್ಮ ತಮ್ಮಾರು ಬುದ್ಧಿವಂತ್ರು. ನಮ್ಮ ಮೊಮ್ಮಗಳ ಮದ್ವೆ ಇಲ್ಲಾಗಾಕಿಲ್ಲ, ಅಷ್ಟೇಯ.” ನಾನು ಯಾಕೆ ಅಂತ ಕೇಳಲಿಲ್ಲ. ಹೆಣ ಮಲಗಿದ ಕಲ್ಲನ್ನು ಮೆಟ್ಟಿ ಮದುಮಗಳು ಒಳಗೆ ಬರುವುದು ಹೇಗೆ? ಬೈಯಬಹುದಾಗಿತ್ತು, ಸಮಿತಿಗೆ ಹೇಳಬಹುದಾಗಿತ್ತು. ನಾನು ಆಸೆಪಟ್ಟು ಕಟ್ಟಿಸಿದ್ದೇನೆಂದು ಅವಳು ನನ್ನ ಗುಟ್ಟನ್ನು ಕಾಪಾಡಿದಳು. ನಾನು ಅದನ್ನು ಅವಳ ಒಪ್ಪಿಗೆ ಅಂದುಕೊಂಡೆ.

ಹೋದ ತಿಂಗಳು ಮುನಿಲಕ್ಷ್ಮಮ್ಮ ತೀರಿಕೊಂಡಳು. ಮೂರು ದಿನದ ಜ್ವರ. ಆ ದಿನ ಭವನದಲ್ಲಿ ಜಯಸಿಂಹ ಅವರ ಮೊಮ್ಮಗಳ ನಾಮಕರಣ. ನಾನು ಹೋಗಿದ್ದೆ, ಆದರೆ ತೊಟ್ಟಿಲ ಹತ್ತಿರ ಹೋಗಲಿಲ್ಲ. ಯಾರೂ ಬೇಡ ಅನ್ನುವುದಿಲ್ಲ, ನಾನೇ ತಿಳಿದು ದೂರ ಇರುತ್ತೇನೆ. ಅದಕ್ಕೇ ಊರ ಕಡೆಯ ಬಾಗಿಲ ಪಕ್ಕದ ವಾಚನಾಲಯದಲ್ಲಿ ಪತ್ರಿಕೆ ಜೋಡಿಸುತ್ತಾ ಕೂತಿದ್ದೆ. ಆ ಕಡೆ ಯಾರೂ ಬಾರದ್ದರಿಂದ ಗೇಟಿಗೆ ಬೀಗ ಹಾಕಿರುತ್ತದೆ, ಬೀಗದಕೈ ನನ್ನ ಹತ್ತಿರವೇ ಇರುವುದು. ತಮಟೆ ಕೇಳಿಸಿತು. ಗೇಟಿನ ಹತ್ತಿರ ಬಂದು ನಿಂತಿತು. ಹೊರಗೆ ಬಂದರೆ ಅವಳ ಮಗ ಬೋರಣ್ಣ ಗೇಟಿನ ಕಂಬಿ ಹಿಡಿದು ನಿಂತಿದ್ದ. “ಅಮ್ಮಾವ್ರೆ, ಒಂದು ಗಳಿಗೆ ಬೀಗ ತೆಗೀರಿ. ಬ್ಯಾರೆಯೋರ್ನೆಲ್ಲ ಹಂಗೇ ತಗಂಡೋದ್ವಿ. ನಮ್ಮವ್ವ ಮಾತ್ರ ಕಲ್ಲಿನ ಮ್ಯಾಲೆ ಇಳಿಸ್ಬೇಕು ಅಂತ ಹೇಳಿ ಸತ್ತವ್ಳೆ. ಒಳೀಕೆ ಬರಾಕಿಲ್ಲ, ಮೆಟ್ಲತಾವೇ ತಿರುಗಿಸ್ಕಂಡು ಹೊಂಟೋಯ್ತೀವಿ.”

ಬೀಗದಕೈ ನನ್ನ ಸೊಂಟದಲ್ಲಿತ್ತು. ಅಷ್ಟರಲ್ಲಿ ಜಯಸಿಂಹ ಬಂದರು. ಅವರು ಕೆಟ್ಟವರಲ್ಲ, ಗಾಬರಿಯಾಗಿದ್ದರು. “ಏನಪ್ಪಾ ಇದು, ಒಳಗೆ ಮಗು ತೊಟ್ಟಿಲಲ್ಲಿದೆ, ಸ್ವಲ್ಪ ಮುಂದೆ ಹೋಗಬಾರದೇ?” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಕಲ್ಲು ಕಲ್ಲು ಅಂತಾರಲ್ಲ, ಏನು ಸಮಾಚಾರ? ನಿಮಗೇನಾದರೂ ಗೊತ್ತೇನ್ರೀ?” ಅಂತ ಕೇಳಿದರು.

ಗೊತ್ತಿಲ್ಲ ಅಂದೆ.

ಬೋರಣ್ಣ ನನ್ನ ಮುಖ ನೋಡಿದ. ಅವನಿಗೆ ತಾಯಿ ಎಲ್ಲ ಹೇಳಿರಬೇಕು. ಕಂಬಿ ಬಿಟ್ಟ. ಚರಂಡಿಯ ಪಕ್ಕ ರಸ್ತೆಗೆಂದು ಸುರಿದಿದ್ದ ಜಲ್ಲಿಯ ಗುಡ್ಡೆ ಇತ್ತು, ಅದರ ಮೇಲೆ ಇಳಿಸಿದರು. ಜಲ್ಲಿ ಜರುಗಿ ಚಟ್ಟ ಒಂದು ಕಡೆಗೆ ವಾಲಿತು. ಯಾರೋ ಬಗ್ಗಿ ಅವಳ ತಲೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಹಾಗೆ ಹಿಡಿದುಕೊಂಡೇ ತಿರುಗಿಸಿದರು. ಒಳಗೆ ಹೆಂಗಸರು ಲಾಲಿ ಹಾಡುತ್ತಿದ್ದರು, ಮಗು ಅಳುತ್ತಿತ್ತು. ನಾನು ಮತ್ತೆ ವಾಚನಾಲಯಕ್ಕೆ ಹೋಗಿ ಪತ್ರಿಕೆ ಜೋಡಿಸಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಚಕ್ರಿ, ನಿನ್ನ ಕಟ್ಟಡದಲ್ಲಿ ತಪ್ಪಿಲ್ಲ. ಸಂಜೆ ಬಿಸಿಲು ಸೈಜುಗಲ್ಲಿನ ಮೇಲೆ ಬಿದ್ದಾಗ ಈಗಲೂ ನಿಂತು ನೋಡುತ್ತೇನೆ. ಬಸ್ಸಿನ ಕಂಡಕ್ಟರುಗಳು “ಕಲ್ಲು ಹಾಲ್, ಇಳೀರಿ” ಅಂತ ಕೂಗುತ್ತಾರೆ. ನೀನು ಬಯಸಿದಂತೆ ನಮಗೆ ಒಂದು ಮುಖ ಬಂದಿದೆ. ಆದರೆ ನೀನು ಎರಡೂ ಕಡೆಯ ಜನಕ್ಕೆ ಬರೆದ ಕಟ್ಟಡವನ್ನು ನಾನು ಒಂದೇ ಕಡೆಯವರಿಗೆ ಮಾಡಿಬಿಟ್ಟೆ. ಕಟ್ಟುವ ಮುಂಚೆ ಕೇಳಬೇಕು ಅಂತ ನಿನಗೆ ಗೊತ್ತಿತ್ತು. ಕೇಳಿದವಳು ಕೇಳಿಸಿಕೊಂಡದ್ದನ್ನು ನಿನಗೆ ತಲುಪಿಸಲಿಲ್ಲ. ಆ ಬಾಗಿಲಿಗೆ ಗೋಡೆ ಬಿದ್ದರೆ ಊರಿನವರಿಗೆ ಬೇಡವಾಗಿತ್ತು ಅನ್ನುವುದೇ ಚರಿತ್ರೆಯಾಗಿ ಉಳಿಯುತ್ತದೆ. ಜಯಸಿಂಹ ಮೊನ್ನೆ ಅಂದರು, “ಕರೆದರೂ ಬಾರದವರಿಗೆ ಬಾಗಿಲು ಯಾಕೆ ಹೇಳಿ?” ನಾನು ಸುಮ್ಮನಿದ್ದೆ. ಅದೇ ಕೊನೆಯ ಸಲ. ಎಂಟನೆಯ ತಾರೀಖಿನ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ. ಸಮಾಜದಿಂದ ನನ್ನನ್ನು ತೆಗೆದು ಹಾಕಿದರೆ ಹಾಕಲಿ. ನನ್ನನ್ನು ಉಳಿಸಲು ನೀನು ಏನೂ ಬರೆಯಬೇಡ.

ಅಮ್ಮನಿಗೆ ಇದೇನೂ ಗೊತ್ತಿಲ್ಲ. ನಿನ್ನ ಮುಂದಿನ ಕಾಗದ ಅವಳೆದುರಿಗೆ ಓದುವಂತಿರಲಿ, ನನಗೆ ಹೇಳುವುದಿದ್ದರೆ ಬೇರೆ ಹಾಳೆಯಲ್ಲಿ ಬರೆ. ಬೈದು ಬರೆದರೂ ಓದುತ್ತೇನೆ. ಅಮ್ಮಣ್ಣಿಗೆ ನನ್ನ ಪ್ರೀತಿ, ಸೀನುವಿಗೆ ಎರಡು ಮುತ್ತು. ನೀನು ನೂರು ವರ್ಷ ಬಾಳು, ಎದೆ ಬೆಚ್ಚಗೆ ಇಟ್ಟುಕೋ.

ನಿನ್ನ ಅಕ್ಕ,
ಸೀತಾಲಕ್ಷ್ಮಿ

ಮತ್ತೆ ಬರೆದದ್ದು: ಟಪಾಲಿಗೆ ಹೊರಟವಳು ದಾರಿಯಲ್ಲಿ ಬೋರಣ್ಣನ ಮನೆಗೆ ಹೋಗಿ ಬಂದೆ, ಅದಕ್ಕೇ ಲಕೋಟೆ ಮತ್ತೆ ಒಡೆದು ಬರೆಯುತ್ತಿದ್ದೇನೆ. ಸಭೆಯಲ್ಲಿ ಹೇಳುತ್ತೇನೆ, ಕಲ್ಲನ್ನು ಕೀಳಿಸಿ ಗೇಟಿನ ಹೊರಗೆ ನಿಮ್ಮ ದಾರಿಗೇ ಹಾಕಿಸುತ್ತೇನೆ ಅಂದೆ. ಅವನು ಒಂದು ನೋಟೀಸು ತಂದು ತೋರಿಸಿದ. ಸ್ಮಶಾನದ ಜಾಗವೂ ಹೊಸ ಬಡಾವಣೆಗೆ ಹೋಗುತ್ತದೆ, ಯುಗಾದಿ ಕಳೆದ ಮೇಲೆ ಹೆಣಗಳನ್ನು ದೂರಕ್ಕೆ ವ್ಯಾನಿನಲ್ಲಿ ಒಯ್ಯಬೇಕು. “ವ್ಯಾನ್ನಾಗೆ ಹೋಗೋರ್ಗೆ ಅರ್ಧ ದಾರಿ ಯಾವ್ದು ಅಮ್ಮಾವ್ರೆ?” ಅಂದ. ಹೊರಡುವಾಗ, ಬಾಗಿಲು ಮುಚ್ಚುವುದು ನಿಮಗೆ ಸರಿಯೇ ಅಂತ ಕೇಳಿದೆ. ನೋಟೀಸನ್ನು ಮಡಿಸಿಟ್ಟು, “ಮುಚ್ಚಬ್ಯಾಡಿ. ಆ ಕಲ್ಲು ಮಾತ್ರ ಅಲ್ಲಿರಬಾರ್ದು” ಅಂದ. ಆದ್ದರಿಂದ ನೀನು ಜಯಸಿಂಹ ಅವರಿಗೆ ಬರೆಯಬೇಕಾದದ್ದು ಇಷ್ಟೇ, ಗೋಡೆ ಬೇಡ, ಕಲ್ಲು ಕೀಳಲಿ. ಅದನ್ನು ಎಲ್ಲಿ ಇಡಬೇಕು, ಬಾಗಿಲಿಗೆ ಬೇರೆ ಮೆಟ್ಟಿಲು ಎಂಥದ್ದು ಬೇಕು, ಈ ಸಲ ನನ್ನನ್ನು ಕೇಳಬೇಡ. ಬೋರಣ್ಣನನ್ನೇ ಕೇಳು, ಅವನ ವಿಳಾಸ ಹಿಂದಿನ ಪುಟದಲ್ಲಿದೆ. ಕನ್ನಡದಲ್ಲಿ ಬರೆ. ಅವನು ಆ ನೋಟೀಸನ್ನು ನನಗೆ ತಾನೇ ಓದಿ ಹೇಳಿದ. ಅವನಿಗೆ ಓದು ಬರುತ್ತದೋ ಇಲ್ಲವೋ ಅಂತ ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.