ಸಭೆಯ ಹಿಡಿ ಅಕ್ಕಿ

ರಿನ್‌ಪುಯಿ,

ನೀನು ಏಳುವ ಹೊತ್ತಿಗೆ ನಾನು ಸಾಸಿವೆ ಸೊಪ್ಪು ಹೊತ್ತು ಐಜ್ವಾಲ್ ಸಂತೆಗೆ ಹೋಗಿರುತ್ತೇನೆ. ಬೇಯಿಸಿದ ಕುಂಬಳದ ಸೊಪ್ಪು ಒಲೆಯ ಮೇಲಿದೆ, ಬಿಸಿ ಮಾಡಿಕೋ. ಹಂದಿಗೆ ಮುಸುರೆ ಹಾಕು.

ಅಡುಗೆಗೆ ಮುಂಚೆ ಚರ್ಚಿನ ಸಭೆಗೆಂದು ಹಿಡಿ ಅಕ್ಕಿ ತೆಗೆದಿಡುವ ಡಬ್ಬಿಯನ್ನು ಈಗ ತೆರೆದೆ. ಹೋದ ವಾರ ಸಭೆಯ ಪರವಾಗಿ ಅಕ್ಕಿ ಕೂಡಿಸಲು ಬಂದ ಥಾನ್‌ಛುಂಗಿಯಕ್ಕನನ್ನು "ನಮಗೇ ಸಾಲದು, ದೇವರಿಗೆ ಗೊತ್ತು" ಅಂತ ಬಾಗಿಲಿಂದಲೇ ಕಳಿಸಿದ್ದೆ. ಅವತ್ತಿನಿಂದ ನಾನು ಹಿಡಿ ತೆಗೆದೇ ಇಲ್ಲ. ಆದರೂ ಅವತ್ತು ಖಾಲಿಯಿದ್ದ ಡಬ್ಬಿಯಲ್ಲಿ ಈಗ ಅಕ್ಕಿ ಇದೆ.

ನೀನು ಯಾಕೆ ಅನ್ನ ಕಮ್ಮಿ ಬಡಿಸಿಕೊಳ್ಳುತ್ತಿದ್ದೆ ಅಂತ ಈಗ ಹೊಳೆಯಿತು. ನಾನೋ, "ಏನೇ, ಸಿನಿಮಾ ಸೇರ್ತೀಯಾ? ಸೌದೆಕಡ್ಡಿ ಆಗಿದೀಯ" ಅಂತ ನಿನ್ನ ಅಜ್ಜಿಯ ಎದುರೇ ಆಡಿಕೊಂಡೆ. ನೀನು ನಕ್ಕು ತಟ್ಟೆ ತೊಳೆಯಲು ಎದ್ದೆ.

ಊಟಕ್ಕೆ ಕೂತಾಗ ಉದ್ದುದ್ದ ಪ್ರಾರ್ಥನೆ ಮಾಡುವವಳು ನಾನೇ. ನಿನ್ನ ಮುಖ ನೋಡಿ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ, ಮಗಳೇ.

ಇವತ್ತು ಅನ್ನಕ್ಕಿಡುವಾಗ ಹಿಡಿ ತೆಗಿ, ಆದರೆ ನನ್ನ ಪಾಲಿನಲ್ಲಿ ತೆಗಿ. ನೀನು ಹೊಟ್ಟೆ ತುಂಬ ಉಣ್ಣು. ಥಾನ್‌ಛುಂಗಿಯಕ್ಕ ಬಂದರೆ ಚಹಾ ಕೊಟ್ಟು ಕೂರಿಸು, ನಾನು ಬರುವವರೆಗೆ ಕಳಿಸಬೇಡ. ಆ ಅಕ್ಕಿ ಯಾರು ಇಟ್ಟದ್ದೆಂದು ಅವರಿಗೆ ನಾನೇ ಹೇಳಬೇಕು.

ಅಮ್ಮ